ನಾಡಿ ನೂರರಾಚೆಯ ಅಮ್ಮ

ನಾಡಿಬಡಿತ ನೂರಕ್ಕಿಂತ ಕೆಳಗಿಳಿಯಿತು; ಅಂಬುಜಾಕ್ಷಿ ತಮ್ಮ ಮಗಳನ್ನು ಮರೆತರು.

ಅದಕ್ಕೆ ತುಸು ಮುಂಚೆಯಷ್ಟೇ ಅವರು ಅದೇ ಮಗಳನ್ನು ಬೈಯುತ್ತಿದ್ದರು. ಮೈಸೂರಿನ ಮಿದುಳು ಪುನಶ್ಚೇತನ ಕೇಂದ್ರದ ಪ್ರಯೋಗಾಲಯದಲ್ಲಿ, ನೆಲಕ್ಕೆ ಬಿಗಿದ ಸೈಕಲ್ಲಿನ ಮೇಲೆ ಕುಳಿತು, ಹಣೆಗೆ ಕಟ್ಟಿದ ತೆಳುಪಟ್ಟಿಯ ಕೆಳಗಿಂದ ಬೆವರು ಇಳಿಯುತ್ತಿದ್ದರೂ ಪೆಡಲು ತುಳಿಯುವುದನ್ನು ನಿಲ್ಲಿಸದೆ ಬೈಯುತ್ತಿದ್ದರು.

"ಏಳು ತಿಂಗಳ ಬಸುರಿ, ಬರೀ ಒಂದು ಲೋಟ ಹಾಲು ಕುಡ್ಕೊಂಡು ಬಂದಿದೀಯಲ್ಲ, ಬುದ್ಧಿ ಇದೆಯೇನೇ ತನು? ಹೈಸ್ಕೂಲಲ್ಲೂ ಹಿಂಗೇ. ಖಾಲಿ ಹೊಟ್ಟೇಲಿ ಖೋ ಖೋ ಆಡಕ್ಕೆ ಬಂದು ಗ್ರೌಂಡಲ್ಲಿ ತಲೆ ಸುತ್ತಿ ಬಿದ್ದಿದ್ದೆ."

"ಅದೆಲ್ಲ ಇನ್ನೂ ನೆನಪಿದೆಯಾ ನಿಂಗೆ?" ತನುಶ್ರೀ ನಕ್ಕಳು.

"ಎಲ್ಲಾ ನೆನಪಿದೆ. ನಿನ್ನ ಮದುವೇಲಿ ನಿಮ್ಮಪ್ಪ ಪಂಚೆ ಜಾರಿಸ್ಕೊಂಡು ಓಡಿದ್ದೂ ನೆನಪಿದೆ. ಮನೆಗೆ ಹೋದ ತಕ್ಷಣ ನೀನು ಮೊದಲು..."

ಸೈಕಲ್ಲಿನ ಗಂಟೆ ಬಡಿಯಿತು. ಆ ದಿನದ ಅಭ್ಯಾಸ ಮುಗಿದಿತ್ತು. ಕಾಲುಗಳು ನಿಧಾನಿಸಿದವು, ನಿಂತವು. ಗೋಡೆಯ ಪರದೆಯ ಮೇಲೆ ನಾಡಿಯ ಕೆಂಪು ಗೆರೆ ಇಳಿಯತೊಡಗಿತು. ಅದರ ಬೆನ್ನಿಗೇ, ಅಲೆಯಲೆಯಾಗಿ ಕುಣಿಯುತ್ತಿದ್ದ ನೆನಪಿನ ನೀಲಿ ಗೆರೆ ಒಮ್ಮೆ ನಡುಗಿ ಚಪ್ಪಟೆಯಾಯಿತು. ಅಂಬುಜಾಕ್ಷಿ ಟವೆಲಿನಿಂದ ಮುಖ ಒರೆಸಿಕೊಂಡು, ಎದುರಿಗಿದ್ದ ಬಸುರಿ ಹೆಂಗಸನ್ನು ಕಂಡು ಮರ್ಯಾದೆಯಿಂದ ಮುಗುಳ್ನಕ್ಕರು.

"ನಿಂತೇ ಇದ್ದೀರಲ್ಲಮ್ಮ, ಕೂತ್ಕೊಳ್ಳಿ. ಎಷ್ಟು ತಿಂಗಳು? ಜೊತೇಲಿ ನಿಮ್ಮಮ್ಮ ಬಂದಿಲ್ವಾ?"

ತನುಶ್ರೀ ಕಿಟಕಿಯ ಕಡೆಗೆ ತಿರುಗಿದಳು.

ಎರಡು ವರ್ಷಗಳ ಹಿಂದೆ, ಶಾಲೆಯಿಂದ ಮನೆಗೆ ಬರುತ್ತಿದ್ದ ದೈಹಿಕ ಶಿಕ್ಷಕಿ ಅಂಬುಜಾಕ್ಷಿಯವರ ಸ್ಕೂಟರಿಗೆ ಸರಕಿನ ವ್ಯಾನೊಂದು ಗುದ್ದಿತ್ತು. ಮುರಿದ ಮೂಳೆಗಳು ಕೂಡಿಕೊಂಡವು. ಕೂಡಿಕೊಳ್ಳದೆ ಉಳಿದದ್ದು ಕಾಲ. ಅಪಘಾತಕ್ಕೆ ಹಿಂದಿನ ಹದಿನೈದು ವರ್ಷಗಳಿಗೆ ಹೋಗುವ ದಾರಿಗಳೆಲ್ಲ ಅವರ ಮಿದುಳಿನಲ್ಲಿ ಕುಸಿದಿದ್ದವು. ಹೊಸದಾಗಿ ಕಂಡದ್ದು, ಕೇಳಿದ್ದು ಕೆಲವೇ ನಿಮಿಷಗಳಲ್ಲಿ ಸೋರಿಹೋಗುತ್ತಿತ್ತು. ಅವರ ಪಾಲಿಗೆ ಮಗಳಿನ್ನೂ ಎಂಟನೆಯ ತರಗತಿಯ ಹುಡುಗಿ; ಸಂಜೆ ಶಾಲೆ ಬಿಟ್ಟ ಮೇಲೆ ಬರುತ್ತಾಳೆ.

ಡಾಕ್ಟರ್ ನಿಖತ್ ಅವರ ಸಾಧನ ಹುಟ್ಟಿದ್ದು ಇಂಥ ದಾರಿಗಳನ್ನು ಮತ್ತೆ ಕಟ್ಟಲೆಂದೇ. ತತ್ವ ಸರಳವಾಗಿತ್ತು. ದೇಹ ಚೆನ್ನಾಗಿ ದುಡಿದಾಗ ಮಿದುಳಿನಲ್ಲಿ ಬೆಳವಣಿಗೆಯ ಒಂದು ಪ್ರೋಟೀನು ಹೆಚ್ಚುತ್ತದೆ. ಆಗ ನರಕೋಶಗಳು ಹೊಸ ಕೊಂಡಿಗಳನ್ನು ಬೇಗ ಬೆಸೆದುಕೊಳ್ಳುತ್ತವೆ. ವ್ಯಾಯಾಮವನ್ನು ಬೆಳಿಗ್ಗೆ, ನೆನಪಿನ ಪಾಠವನ್ನು ಸಂಜೆ ಎಂದು ಬೇರೆಬೇರೆ ಮಾಡಿಸುವ ಬದಲು ನಿಖತ್ ಎರಡನ್ನೂ ಒಂದೇ ಗಳಿಗೆಗೆ ತಂದರು. ರೋಗಿ ಪೆಡಲು ತುಳಿಯುತ್ತಿರುವಾಗ, ಕೊಂಡಿಗಳು ಹಸಿಯಾಗಿರುವ ಹೊತ್ತನ್ನು ಹಣೆಪಟ್ಟಿ ಗುರುತಿಸುತ್ತಿತ್ತು. ಆ ಕ್ಷಣಕ್ಕೆ ಸರಿಯಾಗಿ ಪರದೆಯ ಮೇಲೆ ಹಳೆಯ ಚಿತ್ರ, ಕಿವಿಯಲ್ಲಿ ಹಳೆಯ ದನಿ. ಹಸಿ ಗಾರೆಯ ಮೇಲೆ ಬೆರಳೊತ್ತಿದ ಹಾಗೆ. ಅಂಬುಜಾಕ್ಷಿಯವರಿಗೆ ಹದಿನೈದು ವರ್ಷಗಳೂ ಒಂದೊಂದಾಗಿ ಹಿಂದಿರುಗಿದವು. ಆದರೆ ಯಾರೂ ಎಣಿಸದಿದ್ದ ಒಂದು ಷರತ್ತಿನೊಡನೆ.

"ದೇಹ ಯಾವ ಸ್ಥಿತಿಯಲ್ಲಿದ್ದಾಗ ಕಲಿತರೋ, ಆ ಸ್ಥಿತಿಗೆ ಬಂದಾಗಲೇ ನೆನಪು ಬಾಗಿಲು ತೆಗೀತಾ ಇದೆ," ಎಂದರು ನಿಖತ್, ಪಕ್ಕದ ವೀಕ್ಷಣಾ ಕೊಠಡಿಯಲ್ಲಿ ತನುಶ್ರೀಗೆ ಬಿಸ್ಕತ್ತಿನ ತಟ್ಟೆ ಮುಂದೆ ಮಾಡುತ್ತ. "ನಾಡಿ ನೂರು ದಾಟಿದರೆ ನಿಮ್ಮಮ್ಮ ಪೂರ್ತಿ ನಿಮ್ಮಮ್ಮ. ಅದಕ್ಕಿಂತ ಕೆಳಗಿಳಿದರೆ ಬಾಗಿಲು ಮುಚ್ಚುತ್ತೆ. ಒಳಗಿರೋದೇನೂ ಅಳಿಸಿ ಹೋಗಿಲ್ಲ, ತನು."

"ಮಗು ಹುಟ್ಟೋ ಹೊತ್ತಿಗೆ ಸರಿಹೋಗುತ್ತಾ ಡಾಕ್ಟ್ರೇ? ಬಾಣಂತನಕ್ಕೆ ನಾನು ಅಮ್ಮನ ಮನೇಲೇ ಇರ್ಬೇಕು. ನಮ್ಮತ್ತೆ ಒಪ್ತಾ ಇಲ್ಲ."

"ಅವರದ್ದು ತಪ್ಪು ಅನ್ನೋಕೆ ನನಗೂ ಬಾಯಿ ಬರಲ್ಲ. ಕೂತು ನೆನಪು ಹೋದಾಗ ಕೈಯಲ್ಲಿ ಮಗು ಇದ್ದರೆ?"

"ನನಗೆ ಎಣ್ಣೆ ನೀರು ಹಾಕೋಕೆ ಯಾರಾದ್ರೂ ಸಿಗ್ತಾರೆ ಡಾಕ್ಟ್ರೇ," ತನುಶ್ರೀ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. "ಒಂದ್ಸಲ ಅಮ್ಮ ಸುಮ್ಮನೆ ಕೂತಿರುವಾಗ, ಇದು ನನ್ನ ಮಗಳು ಅಂತ ನನ್ನನ್ನ ನೋಡ್ಬೇಕು. ಅಷ್ಟೇ ನನಗೆ ಬೇಕಾಗಿರೋದು."

* * *

ಕುಕ್ಕರಹಳ್ಳಿ ಕೆರೆಗೆ ಹತ್ತಿರದ ಅವರ ಮನೆಯಲ್ಲಿ ಈಗ ಲೋಕದಲ್ಲಿಲ್ಲದ ಒಂದು ನಿಯಮ ಜಾರಿಯಲ್ಲಿತ್ತು: ಅಂಬುಜಾಕ್ಷಿಯವರಿಗೆ ಯಾರೂ 'ಕೂತ್ಕೊಳ್ಳಿ' ಎನ್ನಬಾರದು. ಅವರ ಗಂಡ ಶಿವಮಲ್ಲಪ್ಪನವರ ಮನೆಯಲ್ಲಿ ಮಾತಾಡಬೇಕಾದರೆ ಶೂ ಹಾಕಿಕೊಂಡು ಹೋಗಬೇಕೆಂದು ನೆರೆಯವರು ತಮಾಷೆ ಮಾಡುತ್ತಿದ್ದರು. ಅದು ತಮಾಷೆಯೇನೂ ಆಗಿರಲಿಲ್ಲ. ಹಬ್ಬಕ್ಕೆ ಏನು ಮಾಡುವುದು, ಅಳಿಯನಿಗೆ ಏನು ಹೇಳಿ ಕಳಿಸುವುದು, ಎಲ್ಲವೂ ಹಜಾರದಲ್ಲಿ ಸುತ್ತು ಹಾಕುತ್ತಲೇ ತೀರ್ಮಾನವಾಗುತ್ತಿತ್ತು. ಮನೆಯಲ್ಲೂ ಅವರು ಕಟ್ಟಿಕೊಂಡೇ ಇರುತ್ತಿದ್ದ, ನಿಖತ್ ಅವರ ಪರದೆಗೆ ಗೆರೆಗಳನ್ನು ಕಳಿಸುತ್ತಿದ್ದ ಹಣೆಪಟ್ಟಿಯ ತುದಿಯಲ್ಲಿ ಪುಟ್ಟ ದೀಪವಿತ್ತು. ಹಸಿರಾಗಿದ್ದರೆ ಮಾತು ಮುಂದುವರಿಯುತ್ತಿತ್ತು. ಹಳದಿಗೆ ತಿರುಗಿದ ಕೂಡಲೇ ಅಂಬುಜಾಕ್ಷಿ ಗೋಡೆಯ ಪಕ್ಕದ ಗಿಡ್ಡ ಮಣೆಯನ್ನು ಹತ್ತಿ ಇಳಿಯತೊಡಗುತ್ತಿದ್ದರು.

ಅಂಚೆ ಇಲಾಖೆಯಿಂದ ನಿವೃತ್ತರಾದ ಶಿವಮಲ್ಲಪ್ಪ ಜೀವಮಾನದಲ್ಲಿ ಬೇಕೆಂದು ನಡೆದವರಲ್ಲ. ಈಗ ಪ್ರತಿದಿನ ಬೆಳಿಗ್ಗೆ ಹೆಂಡತಿಯ ಹಿಂದೆ ಕೆರೆಯ ಏರಿಯ ಮೇಲೆ ಏದುಸಿರು ಬಿಡುತ್ತ ಹೋಗುತ್ತಿದ್ದರು. ಸಂಸಾರದ ಜಗಳಗಳಿಗೆ ಅದೊಂದೇ ಜಾಗ ಉಳಿದಿತ್ತು.

"ಅಡುಗೆಮನೆ ನಲ್ಲಿ ರಿಪೇರಿ ಮಾಡಿಸ್ತೀನಿ ಅಂದಿದ್ರಿ."

"ಮಾಡಿಸ್ತೀನಿ... ಸ್ವಲ್ಪ ನಿಧಾನಕ್ಕೆ ನಡಿಯೇ ಅಂಬುಜ..."

"ನಿಧಾನಕ್ಕೆ ನಡೆದ್ರೆ ಮರೆತುಹೋಗುತ್ತೆ. ನಿಮಗೂ ಅದೇ ಬೇಕು!"

ಆದರೆ ಅದೇ ಅಂಬುಜಾಕ್ಷಿ ಮನೆಗೆ ಬಂದು ಕಾಫಿಗೆ ಕುಳಿತ ಮೇಲೆ ಗಂಡನ ತಲೆಯನ್ನೇ ನೋಡುತ್ತ, "ಏನ್ರೀ ಇದು, ನಿನ್ನೆವರೆಗೂ ಕಪ್ಪಗಿತ್ತಲ್ಲ?" ಎಂದು ಗಾಬರಿಯಾಗುತ್ತಿದ್ದರು. ನಾಳೆಯೂ ಅದನ್ನೇ ಕೇಳುತ್ತಾರೆಂದು ಶಿವಮಲ್ಲಪ್ಪನವರಿಗೆ ಗೊತ್ತು. ಆದರೂ ದಿನಕ್ಕೊಂದು ಹೊಸ ಉತ್ತರ ಹೊಂದಿಸಿಟ್ಟುಕೊಳ್ಳುತ್ತಿದ್ದರು. "ನಿನ್ನ ಬೈಗುಳಕ್ಕೆ ಹೆದರಿ ಬೆಳ್ಳಗಾಯ್ತು ಕಣೆ." "ಹಿಟ್ಟಿನ ಗಿರಣಿಗೆ ಹೋಗಿದ್ದೆ." ಅಂಬುಜಾಕ್ಷಿ ಪ್ರತಿಸಲವೂ ಹೊಸದಾಗಿ ನಗುತ್ತಿದ್ದರು, ಆ ನಗುವಿಗಾಗಿಯೇ ಅವರು ಉತ್ತರ ಹೊಂದಿಸುತ್ತಿದ್ದದ್ದು.

ಈ ಮನೆಗೆ, ತನುಶ್ರೀಗೆ ದಿನ ತುಂಬುವ ಹೊತ್ತಿಗೆ, ಯಳಂದೂರಿನಿಂದ ಅವಳ ಅತ್ತೆ ಪುಟ್ಟತಾಯಮ್ಮ ಬಂದಿಳಿದರು. ಮಗ ರೈಲ್ವೆ ಕೆಲಸದ ಮೇಲೆ ಹುಬ್ಬಳ್ಳಿಯಲ್ಲಿದ್ದ. ಸೊಸೆಯನ್ನು ಊರಿಗೆ ಕರೆದೊಯ್ಯುವ ಹೊಣೆ ತಾಯಿಯ ಮೇಲಿತ್ತು. ಬಂದವರು ಸುತ್ತಿ ಬಳಸಿ ಮಾತಾಡಲಿಲ್ಲ.

"ನೀವು ಒಳ್ಳೇರು ಕಣಿ ಬೀಗಿತ್ತಿ, ನಾ ಇಲ್ಲ ಅನ್ನಲ್ಲ. ಆದ್ರ ನಿಂತ್ರ ತಾಯಿ, ಕುಂತ್ರ ಯಾರೋ. ಇಂತಾ ಮನೇಲಿ ನನ್ನ ಮೊಮ್ಮಗೀನ ಹೆಂಗ ಬುಡ್ಲಿ?"

ಅಂಬುಜಾಕ್ಷಿ ಮಣೆ ಹತ್ತಿಳಿಯುತ್ತಲೇ ಹೇಳಿದರು. "ಹಾಗಾದ್ರೆ ನಾನು ಕೂರೋದೇ ಇಲ್ಲ ಬಿಡಿ."

"ಮೂರು ತಿಂಗ್ಳು?"

"ಮೂವತ್ತು ವರ್ಷ ಮಕ್ಕಳನ್ನ ಓಡಿಸಿರೋ ಕಾಲು ಇವು. ರಾತ್ರಿ ನಾನು ಬೇರೆ ರೂಮಲ್ಲಿ ಮಲಗ್ತೀನಿ. ಹಗಲು ದೀಪ ಹಸಿರಿದ್ರೆ ಮಾತ್ರ ಮಗೂನ ಮುಟ್ತೀನಿ. ನನ್ನ ಮಗಳ ಬಾಣಂತನ ನಾನೇ ಮಾಡ್ತೀನಿ."

ಪುಟ್ಟತಾಯಮ್ಮ ಬೀಗಿತ್ತಿಯನ್ನು ಮೇಲಿನಿಂದ ಕೆಳಗೆ ನೋಡಿದರು. "ಹಂಗಾರ ನಾನೂ ಇಲ್ಲೇ ಇರ್ತಿನಿ. ಬೀಗಿತ್ತಿ ಮನೇಲಿ ಬೀಗಿತ್ತಿ ಕುಂತ್ಕಂಡು ಬಾಣಂತನ ಮಾಡ್ಸದು ಯಾವೂರ್ನಲ್ಲೂ ಇಲ್ಲ, ನಗೋರು ನಗ್ಲಿ. ಆದ್ರ ಒಂದ್ ಮಾತು. ನೆನಪಿಲ್ದೆ ಇರಾಗ ಮಗು ನಿಮ್ಮ ಕೈಲಿರಾದ್ನ ಒಂದ್ಸಲ ಕಂಡ್ನೋ, ಅವತ್ತೇ ತಾಯಿ ಮಗೀನ ಯಳಂದೂರ್ಗ ಕರ್ಕಂಡೋಯ್ತಿನಿ. ಆಮೇಲ ಅತ್ತು ಕರದು ಮಾಡ್ಬೇಡಿ."

"ಆಗ್ಲಿ," ಎಂದರು ಅಂಬುಜಾಕ್ಷಿ. ಬಾಗಿಲ ಮರೆಯಲ್ಲಿದ್ದ ತನುಶ್ರೀಗೆ ಅಮ್ಮನ ದನಿ ಒಂದಿಷ್ಟೂ ನಡುಗಲಿಲ್ಲವೆಂಬುದೇ ಹೆಚ್ಚು ಹೆದರಿಕೆ ತಂದಿತು.

* * *

ಹೆಣ್ಣುಮಗು ಹುಟ್ಟಿತು. ಮನೆಗೆಲಸ ತಾನಾಗಿಯೇ ಎರಡು ಪಾಲಾಯಿತು. ಕೂತು ಮಾಡುವುದೆಲ್ಲ ಪುಟ್ಟತಾಯಮ್ಮನವರದು, ನಿಂತು ಮಾಡುವುದೆಲ್ಲ ಅಂಬುಜಾಕ್ಷಿಯವರದು. ಕಾಲು ನೀಡಿ ಕುಳಿತು, ಮಗುವನ್ನು ಮೊಣಕಾಲ ಕೆಳಗೆ ಮಲಗಿಸಿಕೊಂಡು ಎಣ್ಣೆ ತಿಕ್ಕಿ ನೀರೆರೆಯುವುದು ಆಕೆ. ಬಿಸಿನೀರು ಹೊತ್ತು ತಂದು ಸುರಿಯುವುದು ಈಕೆ. ಬೆಳ್ಳುಳ್ಳಿ ಸುಲಿಯುವುದು ಆಕೆ. ಮೆಣಸಿನ ಸಾರು ಕುದಿಸುವುದು ಈಕೆ. ಸಾಂಬ್ರಾಣಿ ಹೊಗೆ ಹಿಡಿದು, ಬಾಣಂತಿಯ ತಲೆಗೆ ಬಟ್ಟೆ ಬಿಗಿದು, ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಹಜಾರದ ಉದ್ದಕ್ಕೂ ಚುರುಕಾಗಿ ಹೆಜ್ಜೆ ಹಾಕುವಾಗ ಅಂಬುಜಾಕ್ಷಿಯವರ ಹಣೆಯ ದೀಪ ಪಚ್ಚೆಹಸಿರಾಗಿ ಹೊಳೆಯುತ್ತಿತ್ತು.

"ನಿಮ್ಮಮ್ಮ ಗಾಣದೆತ್ತು ಕಣವ್ವ," ಎನ್ನುತ್ತಿದ್ದರು ಪುಟ್ಟತಾಯಮ್ಮ ಸೊಸೆಗೆ. ಮೊದಲು ಮೂದಲಿಕೆಯಾಗಿದ್ದ ಆ ಮಾತು ದಿನ ಕಳೆದಂತೆ ಮೆತ್ತಗಾಗತೊಡಗಿತ್ತು.

ನಾಡಿ ಇಳಿದಾಗ ಎಚ್ಚರಿಸಲು ಹಣೆಪಟ್ಟಿಯಲ್ಲಿ ಒಂದು ಪೀಪಿಯಿತ್ತು. ಮಗು ಬೆಚ್ಚಿ ಏಳುತ್ತದೆಂದು ಶಿವಮಲ್ಲಪ್ಪ ಅದರ ಸದ್ದನ್ನು ನಿಲ್ಲಿಸಿದ್ದರು. ದೀಪ ಹೇಗೂ ಇದೆಯಲ್ಲ ಎಂದುಕೊಂಡರು.

ಪ್ರಯೋಗಾಲಯದಲ್ಲಿ ಮಾತ್ರ ನಿಖತ್ ಸೋಲುತ್ತಿದ್ದರು. ವೇಗವನ್ನು ಸ್ವಲ್ಪಸ್ವಲ್ಪವೇ ತಗ್ಗಿಸುತ್ತ, ಚಿತ್ರಗಳನ್ನು ತೋರಿಸುತ್ತ, ನೆನಪನ್ನು ನೂರರ ಗಡಿಯಿಂದ ಕೆಳಗೆ ಇಳಿಸಿ ತರಲು ಅವರು ಮಾಡಿದ ಯತ್ನಗಳೆಲ್ಲ ಒಂದೇ ರೀತಿಯಲ್ಲಿ ಮುಗಿದವು. ನೀಲಿ ಗೆರೆ ಗಡಿಯಲ್ಲಿ ಬಂದು ಸಾಯುತ್ತಿತ್ತು. ತಪ್ಪು ಉತ್ತರವೊಂದು ಬೇರೂರಿಬಿಟ್ಟೀತೆಂಬ ಭಯದಿಂದ, ಪ್ರತಿ ಚಿತ್ರದ ಕೆಳಗೂ ಹೆಸರು ಮೊದಲೇ ಮೂಡುವಂತೆ ಅವರು ಪಾಠ ಕಟ್ಟಿದ್ದರು. ಅದೇ ಶಾಸ್ತ್ರದ ಕ್ರಮ. ಶಾಸ್ತ್ರ ಎಲ್ಲಿ ಎಡವುತ್ತಿದೆಯೆಂದು ಅವರಿಗೆ ಹೊಳೆಯುತ್ತಿರಲಿಲ್ಲ.

"ನಿರಾಶೆ ಆಗಬೇಡಿ ಡಾಕ್ಟ್ರೇ," ಅಂಬುಜಾಕ್ಷಿಯೇ ಪೆಡಲು ತುಳಿಯುತ್ತ ಸಮಾಧಾನ ಹೇಳುತ್ತಿದ್ದರು. "ನನ್ನ ತಂಡ ಮೊದಲ ಸುತ್ತಲ್ಲೇ ಸೋತು ಬಂದಾಗ ನಾನು ಏನು ಮಾಡ್ತಿದ್ದೆ ಗೊತ್ತಾ? ಬಾಳೆಹಣ್ಣು ತಿನ್ನಿಸಿ ಮತ್ತೆ ಓಡಿಸ್ತಿದ್ದೆ. ನೀವು ಊಟ ಮಾಡಿದ್ರಾ?"

* * *

ಮಗುವಿಗೆ ಎರಡನೆಯ ತಿಂಗಳು ನಡೆಯುತ್ತಿದ್ದಾಗ, ಒಂದು ಮಧ್ಯಾಹ್ನ, ಈ ಇಡೀ ಏರ್ಪಾಡನ್ನು ಮುರಿದುಹಾಕಿದ್ದು ಬೇರೇನೂ ಅಲ್ಲ, ಉಪಚಾರ.

ಎಣ್ಣೆನೀರು ಮುಗಿದು ತನುಶ್ರೀ ಒಳಕೋಣೆಯಲ್ಲಿ ಗಾಳಿಯಾಡದಂತೆ ಬಾಗಿಲು ಹಾಕಿಕೊಂಡು ನಿದ್ದೆಹೋಗಿದ್ದಳು. ಶಿವಮಲ್ಲಪ್ಪ ಬಜೆ ಬೇರು ತರಲು ಗ್ರಂಧಿಗೆ ಅಂಗಡಿಗೆ ಹೋಗಿದ್ದರು. ಮಗುವನ್ನು ಹಜಾರದ ತೊಟ್ಟಿಲಲ್ಲಿ ಮಲಗಿಸಿ, ಮಣೆಯತ್ತ ಹೊರಟ ಅಂಬುಜಾಕ್ಷಿಯವರ ಪಾದಗಳ ಮೇಲೆ ಪುಟ್ಟತಾಯಮ್ಮನವರ ಕಣ್ಣು ಬಿತ್ತು. ಕಣಕಾಲು ಊದಿಕೊಂಡು ಗೆಜ್ಜೆಯ ಗುರುತು ಒಳಕ್ಕಿಳಿದಿತ್ತು.

"ಅಯ್ಯೋ ಶಿವನೇ, ಕಾಲು ನೋಡಿ ಹೆಂಗ ಊದವ! ಒಂದ್ಗಳ್ಗ ಕೂತ್ಕಳಿ ಬೀಗಿತ್ತಿ."

"ಬೇಡಿ. ಜಾರಿಹೋಗುತ್ತೆ."

"ಜಾರ್ಲಿ ಬುಡಿ, ಹಿಡ್ಕಳಕ್ಕ ನಾನಿಲ್ವಾ? ನಾನೇನ್ ಕಲ್ಲಾ? ಎರಡ್ ತಿಂಗ್ಳಿಂದ ನೋಡ್ತಾವ್ನಿ, ಹಗ್ಲೊತ್ತು ಒಂದಿನ ಕುಂತಿಲ್ಲ. ಹೂಂ, ಈ ಮಜ್ಜಿಗ ಕುಡೀರಿ. ನನ್ ಮಾತ್ಗ ಬೆಲೆ ಇಲ್ವಾ?"

ಹಿರಿಯ ಬೀಗಿತ್ತಿ ಮೊದಲ ಸಲ ಪ್ರೀತಿಯಿಂದ ಕೈಹಿಡಿದು ಕೂರಿಸುತ್ತಿರುವಾಗ ಇಲ್ಲವೆನ್ನುವುದು ಹೇಗೆ? ಅಂಬುಜಾಕ್ಷಿ ಕುಳಿತರು. ಮಜ್ಜಿಗೆ ತಂಪಾಗಿತ್ತು. ಅಷ್ಟರಲ್ಲಿ ನಾಲ್ಕು ಹನಿ ಬಿದ್ದ ಸದ್ದು ಕೇಳಿ, "ಮಗೀನ ಬಟ್ಟ!" ಎಂದು ಪುಟ್ಟತಾಯಮ್ಮ ಮಹಡಿಗೆ ಓಡಿದರು. ಹನಿ ಅಲ್ಲಿಗೇ ನಿಂತಿತು. ಆದರೆ ಪಕ್ಕದ ಮನೆಯ ಮಹಡಿಯಲ್ಲಿದ್ದಾಕೆ ಮಾತಿಗೆಳೆದಳು.

ಕೆಳಗೆ ಹಣೆಯ ದೀಪ ಹಳದಿಯಾಯಿತು, ಆರಿತು. ಪೀಪ್ ಎನ್ನಬೇಕಾದ ಸದ್ದು ಬರಲಿಲ್ಲ.

ಅಂಬುಜಾಕ್ಷಿ ಖಾಲಿ ಲೋಟವನ್ನು ಕೆಳಗಿಟ್ಟು ಸುತ್ತ ನೋಡಿದರು. ತಮ್ಮ ಮನೆಯ ಹಜಾರದಲ್ಲಿ ಒಂದು ತೊಟ್ಟಿಲಿತ್ತು. ತೊಟ್ಟಿಲಲ್ಲಿ ಒಂದು ಮಗು ಕಣ್ಣು ಬಿಟ್ಟುಕೊಂಡು ಮಲಗಿತ್ತು.

"ಯಾರದಿದು?" ಎಂದರು. ಯಾರೂ ಓಗೊಡಲಿಲ್ಲ. ಗಂಡ ಕಚೇರಿಗೆ ಹೋಗಿರುವ ಹೊತ್ತು. ತನು ಶಾಲೆಯಿಂದ ಬರಲು ಇನ್ನೂ ಸಮಯವಿದೆ. ಅವರ ಮನಸ್ಸು ಬದುಕುತ್ತಿದ್ದ ಆ ಹಳೆಯ ವರ್ಷದಲ್ಲಿ, ಅವರ ಶಾಲೆಯ ಮೈದಾನದ ಅಂಚಿಗೆ ಒಂದು ಅಂಗನವಾಡಿಯಿತ್ತು. ಅಮ್ಮಂದಿರು ತಡವಾಗಿ ಬಂದ ದಿನ ಮಕ್ಕಳು ಟೀಚರ್ ಕೈಯಲ್ಲೇ ಉಳಿಯುವುದು ವಾಡಿಕೆ. ಈ ಮಗುವಿನ ತಾಯಿಯೂ ಅಲ್ಲೆಲ್ಲೋ ಗಾಬರಿಯಿಂದ ಹುಡುಕುತ್ತಿರಬೇಕು.

ಅವರು ಮಗುವನ್ನು ಬಟ್ಟೆಯಲ್ಲಿ ಸುತ್ತಿ ಎದೆಗವಚಿಕೊಂಡರು. ಚಪ್ಪಲಿ ಮೆಟ್ಟಿ ಹೊರಟರು.

* * *

ವೀಕ್ಷಣಾ ಕೊಠಡಿಯಲ್ಲಿ ನಿಖತ್ ಪರದೆ ನೋಡಿದಾಗ ನೀಲಿ ಗೆರೆ ಸತ್ತಂತೆ ಮಲಗಿತ್ತು. ಅದು ಹೊಸದೇನಲ್ಲ, ರಾತ್ರಿ ನಿದ್ದೆಯಲ್ಲಿ ದಿನವೂ ಹಾಗೆಯೇ. ಆದರೆ ಇದು ಹಾಡುಹಗಲು. ಜೊತೆಗೆ ಕೆಂಪು ಗೆರೆ ತೊಂಬತ್ತರ ಬಳಿ ಸಮನಾಗಿ ನಡೆಯುತ್ತಿತ್ತು. ಕುಳಿತವರ ನಾಡಿ ಹಾಗಿರುವುದಿಲ್ಲ. ಚುರುಕಾಗಿ ನಡೆಯುವ ಟೀಚರ್ ನಾಡಿಯೂ ಹಾಗಿರುವುದಿಲ್ಲ. ಅವರು ತನುಶ್ರೀಗೆ ಫೋನು ಮಾಡಿದರು.

"ತನು, ಟೀಚರ್ ಎಲ್ಲಿದ್ದಾರೆ?"

ನಿದ್ದೆಗಣ್ಣಿನಲ್ಲೇ ಬಾಗಿಲು ತೆಗೆದ ತನುಶ್ರೀಗೆ ಕಂಡದ್ದು ಖಾಲಿ ತೊಟ್ಟಿಲು. ಅವಳ ಕೂಗಿಗೆ ಪುಟ್ಟತಾಯಮ್ಮ ಮಹಡಿಯಿಂದ ಇಳಿದುಬಂದರು. ತೋಳಿನ ತುಂಬ ಇದ್ದ ಬಟ್ಟೆಗಳು ಮೆಟ್ಟಿಲ ಮೇಲೆಲ್ಲ ಉದುರಿದವು.

"ನಾನೇ ಕೂರ್ಸ್ದಿ ಕಣವ್ವ... ಕಾಲ್ ಊದಿತ್ತು... ನಾನೇ ಬಲವಂತ ಮಾಡಿ ಕೂರ್ಸ್ದಿ..."

"ಡಾಕ್ಟ್ರೇ, ಮಗೂನ ಎತ್ಕೊಂಡು ಹೋಗಿದಾಳೆ! ಎಲ್ಲಿದಾಳೆ ಅಂತ ಪರದೇಲಿ ನೋಡಿ!"

"ಪಟ್ಟಿ ನಾಡಿ ಹೇಳುತ್ತೆ ತನು, ದಾರಿ ಹೇಳಲ್ಲ. ನಾನೇನು ಕಳ್ಳೀನಾ ಅಂತ ಟೀಚರೇ ಆ ಸೌಲಭ್ಯ ಬೇಡ ಅಂದಿದ್ರು. ಸಮಾಧಾನ ಮಾಡ್ಕೊ. ನಾಡಿ ನೂರು ಮುಟ್ಟಿದ್ರೆ ಅವರಿಗೇ ಗೊತ್ತಾಗುತ್ತೆ."

"ಕೈಯಲ್ಲಿ ಮಗು ಇದ್ರೆ ಅಮ್ಮ ಜೋರಾಗಿ ನಡಿಯಲ್ಲ."

ಮಗುವಿನ ಮೇಲಿನ ಜೋಪಾನವೇ ಅಮ್ಮನನ್ನು ಮಗುವಿನ ನೆನಪಿನಿಂದ ದೂರ ಇಡುತ್ತಿತ್ತು. ಮನೆಯಿಂದ ಯಾವ ಕಡೆ ಹೋದರೂ ಬಸ್ಸುಗಳು ನುಗ್ಗುವ ದೊಡ್ಡ ರಸ್ತೆಯನ್ನು ದಾಟಬೇಕಿತ್ತು.

"ಅಮ್ಮ ಈಗ ನಾನು ಎಂಟನೇ ಕ್ಲಾಸಲ್ಲಿದ್ದ ಕಾಲದಲ್ಲಿ ಇದಾಳೆ," ತನುಶ್ರೀ ತನಗೆ ತಾನೇ ಹೇಳಿಕೊಂಡಳು. "ಆಗ ಯಾರದೋ ಮಗು ಸಿಕ್ಕಿದ್ರೆ ಎಲ್ಲಿಗೆ ಕರ್ಕೊಂಡು ಹೋಗ್ತಿದ್ಲು... ಅಂಗನವಾಡಿಗೆ. ಸ್ಕೂಲ್ ಗ್ರೌಂಡಿಗೆ!"

ಫೋನು ಅತ್ತೆಯ ಕೈಗೆ ಬಂತು. ಬಾಣಂತಿ ಬರಿಗಾಲಲ್ಲೇ ಬೀದಿಗಿಳಿದು ಓಡುತ್ತಿದ್ದಳು.

ಇತ್ತ ನಿಖತ್ ಕುರ್ಚಿಯಿಂದ ಎದ್ದು ನಿಂತಿದ್ದರು. ಕೆಂಪು ಗೆರೆ ಇದ್ದಕ್ಕಿದ್ದಂತೆ ನೂರನ್ನು ದಾಟಿ ಮೇಲಕ್ಕೆ ಚಿಮ್ಮಿತು. ನೀಲಿ ಗೆರೆ ಜೀವ ತಳೆಯಿತು. ಓಡುತ್ತಿದ್ದಾರೆಯೇ? ಏನಾಯಿತು? ಸ್ವಲ್ಪ ಹೊತ್ತಿಗೆ ಕೆಂಪು ಇಳಿಯಿತು, ನೀಲಿಯೂ ಸತ್ತಿತು. ಮತ್ತೆ ಏರಿಕೆ. ಮತ್ತೆ ಇಳಿತ. ಮೂರನೆಯ ಇಳಿತದಲ್ಲಿ ನಿಖತ್ ತಮ್ಮ ಕಣ್ಣನ್ನು ತಾವೇ ನಂಬಲಿಲ್ಲ: ಕೆಂಪು ತೊಂಬತ್ತಕ್ಕೆ ಬಂದಿತ್ತು, ನೀಲಿ ಇನ್ನೂ ನಡುಗುತ್ತಿತ್ತು. ಗಾಳಿಗೆ ಸಿಕ್ಕ ದೀಪದ ಕುಡಿಯಂತೆ, ಆರದೆ. ಮತ್ತೊಂದು ಏರಿಕೆ, ಆಮೇಲೆ ದೀರ್ಘವಾದ, ನಿಧಾನವಾದ ಇಳಿತ. ಎಂಬತ್ತೈದು. ಎಂಬತ್ತು. ಎಲ್ಲೋ ಕುಳಿತುಬಿಟ್ಟಿದ್ದಾರೆ. ಎಪ್ಪತ್ತಾರು.

ನೀಲಿ ಗೆರೆಯನ್ನು ನೋಡುವ ಧೈರ್ಯವಿಲ್ಲದೆ ನಿಖತ್ ಕಣ್ಣು ಮುಚ್ಚಿಕೊಂಡರು.

* * *

ಅಂಗನವಾಡಿ ಇದ್ದ ಜಾಗದಲ್ಲಿ ಈಗ ವಾಹನ ನಿಲ್ದಾಣವಿತ್ತು. ಮೈದಾನದ ಅಂಚಿನ ಹೊಂಗೆಮರ ಮಾತ್ರ ಹಾಗೆಯೇ ಉಳಿದಿತ್ತು. ಅದರ ಕೆಳಗಿನ ಕಲ್ಲುಬೆಂಚಿನ ಮೇಲೆ ಅಂಬುಜಾಕ್ಷಿ ಕುಳಿತಿದ್ದರು. ಮಡಿಲಲ್ಲಿ ಮಗು ನಿದ್ದೆಹೋಗಿತ್ತು.

ತನುಶ್ರೀ ಹತ್ತು ಮಾರು ದೂರದಲ್ಲೇ ನಿಂತುಬಿಟ್ಟಳು. ಅಮ್ಮನ ಹಣೆಯ ದೀಪ ಆರಿತ್ತು. ಅಮ್ಮ ಕುಳಿತಿದ್ದಳು. ಈಗ ಹತ್ತಿರ ಹೋದರೆ ಬರುವ ಮಾತು ಯಾವುದೆಂದು ಅವಳಿಗೆ ಗೊತ್ತಿತ್ತು: ಯಾರಮ್ಮ ನೀವು? ಮಗು ಕ್ಷೇಮವಾಗಿದೆ, ಅಷ್ಟು ಸಾಕು ಎಂದು ಮನಸ್ಸಿಗೆ ಹೇಳಿಕೊಂಡು ಒಂದೊಂದೇ ಹೆಜ್ಜೆ ಇಟ್ಟಳು.

ಅಂಬುಜಾಕ್ಷಿ ತಲೆಯೆತ್ತಿದರು. ಹುಬ್ಬು ಗಂಟಿಕ್ಕಿತು.

"ಬಾಣಂತಿ ಹಿಂಗೆ ಬರಿಗಾಲಲ್ಲಿ ಓಡ್ಕೊಂಡು ಬರ್ತಾರಾ? ತಲೆಗೆ ಬಟ್ಟೆ ಇಲ್ಲ, ಕಿವಿಗೆ ಹತ್ತಿ ಇಲ್ಲ. ಶೀತ ಆದ್ರೆ ಮಗೂಗೂ ಬರುತ್ತೆ."

ತನುಶ್ರೀ ಇನ್ನೊಂದು ಹೆಜ್ಜೆ ಮುಂದಿಟ್ಟಳು. ಆದರೆ ಅಮ್ಮ ದಾರಿಯಲ್ಲಿ ಕಂಡ ಯಾವ ಬಾಣಂತಿಗಾದರೂ ಇದನ್ನೇ ಹೇಳುತ್ತಾಳೆ. ಆಸೆಪಡಬಾರದು. ಅವಳು ಅಲ್ಲೇ ನಿಂತಳು.

"ನಿಮ್ಮತ್ತೆ ಎಲ್ಲಿ?" ಅಂಬುಜಾಕ್ಷಿ ಮಗುವಿನ ಮೇಲಿನ ಬಟ್ಟೆ ಸರಿಪಡಿಸುತ್ತ ಕೇಳಿದರು. "ಅಳ್ತಿರಬೇಕು ಪಾಪ. ಅವರನ್ನ ಏನೂ ಅನ್ಬೇಡ ತನು. ನನ್ನ ಕಾಲು ನೋಡಿ ಸಂಕಟ ಆಗಿ ಕೂರಿಸಿದ್ರು. ಒಳ್ಳೇ ಮಜ್ಜಿಗೆ ಕೊಟ್ರು."

ತನುಶ್ರೀ ನೆಲಕ್ಕೇ ಕುಸಿದು ಅಮ್ಮನ ಮೊಣಕಾಲಿಗೆ ಮುಖವೊತ್ತಿದಳು. ಅಂಬುಜಾಕ್ಷಿ ಅವಳ ತಲೆಯ ಮೇಲೆ ಕೈಯಿಟ್ಟರು.

"ಯಾರ ಮಗೂನೋ ಅಂತ ಎತ್ಕೊಂಡು ಹೊರಟೆ ಕಣೆ. ಈ ಮೂಗು ಎಲ್ಲೋ ನೋಡಿದೀನಲ್ಲ, ಈ ಮೂಗು ಯಾರದು ಅಂತ ದಾರಿಯುದ್ದಕ್ಕೂ ಯೋಚ್ನೆ. ಇದು ಅತ್ತಾಗ ಸಮಾಧಾನ ಮಾಡಕ್ಕೆ ಬಿರಬಿರ ಹೆಜ್ಜೆ ಹಾಕ್ದೆ, ಆಗ ಸಟ್ಟಂತ ನೀನು ನೆನಪಾದೆ. ಮನೆ ಕಡೆ ತಿರುಗ್ದೆ. ಇದು ಸುಮ್ಮನಾಯ್ತು, ನಾನು ನಿಧಾನ ಆದೆ, ನೀನು ಹೋದೆ. ಮತ್ತೆ ಸ್ಕೂಲ್ ಕಡೆ! ಹೂವಿನವಳು ಕೇಳಿದ್ಲು, 'ಏನ್ ಟೀಚರ್, ಮಗೂಗೆ ಊರು ತೋರಿಸ್ತಾ ಇದೀರಾ' ಅಂತ."

ತನುಶ್ರೀ ಅಳುವಿನ ನಡುವೆಯೇ ನಕ್ಕಳು.

"ಆಮೇಲಾಮೇಲೆ ಇದು ಸುಮ್ಮನಾದ್ರೂ ನೀನು ಪೂರ್ತಿ ಹೋಗ್ತಿರಲಿಲ್ಲ. ಹಾಗಾದ್ರೆ ನೋಡೇಬಿಡೋಣ ಅಂತ ಬೇಕಂತಲೇ ಇಲ್ಲಿ ಬಂದು ಕೂತೆ."

ಆಟೋವೊಂದು ಬಂದು ನಿಂತಿತು. ದಾರಿಯಲ್ಲಿ ಎದುರಾದ ಶಿವಮಲ್ಲಪ್ಪನವರನ್ನೂ ಹತ್ತಿಸಿಕೊಂಡು ಪುಟ್ಟತಾಯಮ್ಮ ಬಂದಿದ್ದರು. ಅವರ ಕೈಯಲ್ಲಿದ್ದ ಫೋನಿನಿಂದ ನಿಖತ್ ಅವರ ದನಿ ಎಲ್ಲರಿಗೂ ಕೇಳುವಷ್ಟು ಜೋರಾಗಿ ಹೊರಡುತ್ತಿತ್ತು. "ನೀಲಿ ಗೆರೆ ಬದುಕಿದೆ ಅಮ್ಮ, ಯಾರೂ ಅವರನ್ನ ಬೆಚ್ಚಿಸಬೇಡಿ! ನಾವು ಉತ್ತರ ಮೊದಲೇ ಕೊಟ್ಟುಬಿಡ್ತಿದ್ವಿ. ಹುಡುಕೋಕೆ ಬಿಡಲೇ ಇಲ್ಲ. ಮಗು ತಾನು ಯಾರು ಅನ್ನೋ ಪ್ರಶ್ನೆ ಕೊಟ್ಟಿದೆ, ನಾಡಿ ಏರಿಸಿ ಇಳಿಸಿ ನಡೆಸಿದೆ..."

ಆದರೆ ಅಷ್ಟರಲ್ಲಿ ಅಂಬುಜಾಕ್ಷಿಯವರ ನೋಟ ಎಲ್ಲೋ ತೇಲಿತು. ಮಗಳ ಮುಖದ ಮೇಲಿದ್ದ ಕಣ್ಣು ಮೈದಾನದ ಕಡೆಗೆ ಸರಿಯಿತು. ತನುಶ್ರೀ ಮಗುವಿಗಾಗಿ ಕೈ ಚಾಚಿದಳು.

ಅಂಬುಜಾಕ್ಷಿ ಮಗುವನ್ನು ಎತ್ತಿಕೊಂಡು ತಾವೇ ಎದ್ದರು. ಹೊಂಗೆಮರದ ಸುತ್ತ, ಬುಡದ ಬೇರುಗಳನ್ನು ಜಾಗ್ರತೆಯಿಂದ ದಾಟುತ್ತ, ಚುರುಕಾಗಿ ಒಂದು ಸುತ್ತು ಹಾಕಿದರು. ತಿರುಗಿ ಬಂದು ಅದೇ ಜಾಗದಲ್ಲಿ ಕುಳಿತರು.

"ಸ್ವಲ್ಪ ಜಾರ್ತಾ ಇತ್ತು," ಎಂದರು ಮಗಳಿಗೆ. "ಜಾರೋದು ಈಗ ಗೊತ್ತಾಗುತ್ತೆ. ಹೋಗಿ ಹಿಡ್ಕೊಂಡು ಬಂದೆ."

ಪುಟ್ಟತಾಯಮ್ಮ ಬೆಂಚಿನ ಬಳಿಗೆ ಬಂದರು. ಅವರು ಹಾಕಿದ್ದ ಷರತ್ತು ಎಲ್ಲರ ತಲೆಯಲ್ಲೂ ಇತ್ತು; ನೆನಪಿಲ್ಲದ ಕೈಯಲ್ಲಿ ಮಗು ಮನೆಯನ್ನೇ ದಾಟಿ ಬಂದಿತ್ತು. ಅವರು ಸೆರಗಿನಿಂದ ಕಣ್ಣೊರೆಸಿಕೊಂಡು, ಮಗುವಿನ ಕೆನ್ನೆ ಮುಟ್ಟಿ ನೋಡಿ, ಸೊಸೆಯತ್ತ ತಿರುಗಿದರು.

"ಯಾರ್ದು ಅಂತ ಗೊತ್ತಿಲ್ದೆ ಇದ್ರೂ ಅದರ ತಾಯಿಗ ಕೊಡಕ್ಕ ಅಂತ ಎತ್ಕಂಡು ಹೊಂಟವ್ರ. ಇಂತೋರ ಕೈಲಿ ಮಗು ಇರ್ದೆ ಇನ್ಯಾರ ಕೈಲಿರ್ಬೇಕವ್ವ? ಮೂರಲ್ಲ, ಐದು ತಿಂಗ್ಳು ಇರು ಇಲ್ಲೇ."

"ನೀವೂ ಇರಿ ಬೀಗಿತ್ತಿ," ಎಂದರು ಅಂಬುಜಾಕ್ಷಿ. "ಕೂತಲ್ಲೇ ನಾನು ಮರೆತ್ರೆ ಎಬ್ಬಿಸೋಕೆ ಒಬ್ಬರು ಬೇಕಲ್ಲ."

"ಅದ್ಕೇನು ಬುಡಿ," ಪುಟ್ಟತಾಯಮ್ಮ ಮೂಗು ಸೀಟಿಕೊಂಡರು. "ನನ್ ಬಾಯ್ಗ ನಮ್ಮೂರಲ್ಲಿ ಕುಂತಿದ್ದೋರೆಲ್ಲ ಎದ್ದೋಡ್ತಾರ."